ನಾಲಿಗೆ ನಮ್ಮ ಮನೆಯದು

ಪಂಚಾಯತ್ ಕಟ್ಟಡದ ಹೊಸ ಗೋಡೆಯ ಮೇಲೆ ಬರೆಸುವುದಕ್ಕೆ ನಮ್ಮೂರಿನ ಇತಿಹಾಸ ಮತ್ತು ಭೂಗೋಳವನ್ನು ಅರ್ಧ ಪುಟದಲ್ಲಿ ಬರೆದುಕೊಡಿ ಎಂದು ನನ್ನನ್ನು ಕೇಳಿ ಐದು ತಿಂಗಳಾಯಿತು. ಇದೇ ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಟೀಚರಾಗಿದ್ದವಳಿಗೆ ಅರ್ಧ ಪುಟ ಏನು ಮಹಾ ಎಂದು ಒಪ್ಪಿಕೊಂಡೆ. ಇಲ್ಲಿಯವರೆಗೆ ಬರೆದದ್ದು ಒಂದೇ ವಾಕ್ಯ: 'ನಮ್ಮ ಊರು ಹೊಳೆಯ ದಂಡೆಯಲ್ಲಿದೆ.' ಅದು ಸುಳ್ಳಲ್ಲ. ಆದರೆ ಎರಡನೆಯ ವಾಕ್ಯಕ್ಕೆ ಪೆನ್ನು ಇಟ್ಟರೆ ಸಾಕು, ಹೋದ ಡಿಸೆಂಬರಿನ ಅಮಾವಾಸ್ಯೆ ಬಂದು ಎದುರಿಗೆ ಕುಳಿತುಕೊಳ್ಳುತ್ತದೆ. ಗೋಡೆಗೆ ಬೇಕಾದ್ದನ್ನು ಬೇರೆ ಯಾರಾದರೂ ಬರೆದುಕೊಳ್ಳಲಿ. ನನ್ನಿಂದ ಬರೆಯಲಾಗುವುದು ಇದು.

ಭೂಗೋಳ ಮೊದಲು. ಬಸ್ರೂರಿನಿಂದ ನಮ್ಮೂರು ಹೆಚ್ಚು ದೂರವಿಲ್ಲ. ಕುಂದಾಪುರದ ಬಸ್ಸಿನಿಂದ ಇಳಿದು ಕಾಲು ಗಂಟೆ ನಡೆದರೆ ಊರು ಶುರುವಾಗುತ್ತದೆ, ಇನ್ನೂ ಕಾಲು ಗಂಟೆ ನಡೆದರೆ ಮುಗಿಯುತ್ತದೆ. ಪೂರ್ವಕ್ಕೆ ಮುರಕಲ್ಲಿನ ಗುಡ್ಡೆ, ಅದರ ಕೆಳಗೆ ಬೆಟ್ಟುಗದ್ದೆ, ಅದರ ಕೆಳಗೆ ಬೈಲುಗದ್ದೆ, ಆಮೇಲೆ ತೆಂಗಿನ ಸಾಲು, ಆಮೇಲೆ ಹೊಳೆ. ಹೊಳೆಯ ನಡುವೆ ಎರಡು ಕುದ್ರು, ಒಂದರಲ್ಲಿ ಮನೆಗಳಿವೆ, ಇನ್ನೊಂದರಲ್ಲಿ ಕೊಕ್ಕರೆಗಳಿವೆ. ಗದ್ದೆಯವರು ಮೇಲಿನ ದಂಡೆಯಲ್ಲಿ, ಮೀನಿನವರು ಕೆಳಗಿನ ದಂಡೆಯಲ್ಲಿ. ನಮ್ಮದು ಗದ್ದೆಯವರ ಮನೆ. ನನ್ನ ಅಮ್ಮಮ್ಮ ಹುಟ್ಟಿದ್ದು, ಅಮ್ಮ ಹುಟ್ಟಿದ್ದು, ನಾನು ಮತ್ತು ತಮ್ಮ ಹುಟ್ಟಿದ್ದು ಎಲ್ಲ ಅದೇ ಮನೆಯಲ್ಲಿ. ಅಂಗಳದ ತುದಿಯಲ್ಲಿ ಬಾವಿ. ಬಾವಿಯಿಂದ ಹೊಳೆಗೆ ಹತ್ತು ಮಾರು.

ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ನಾನು ಪ್ರತಿವರ್ಷ ಊರಿನ ನಕ್ಷೆ ಬರೆಸುತ್ತಿದ್ದೆ. ಗದ್ದೆಯವರ ಮಕ್ಕಳು ಮನೆ, ಹಟ್ಟಿ, ಗದ್ದೆಯ ಅಂಚು ಎಲ್ಲವನ್ನೂ ಚಂದ ಮಾಡಿ ಬರೆದು, ಕೊನೆಗೆ ನೆನಪಾದವರಂತೆ ಮೂಲೆಯಲ್ಲಿ ನೀಲಿ ಗೆರೆಯೊಂದನ್ನು ಎಳೆಯುತ್ತಿದ್ದರು. ಮೀನಿನವರ ಮಕ್ಕಳು ಹಾಳೆಯ ಮುಕ್ಕಾಲು ಭಾಗ ಹೊಳೆಯನ್ನೇ ಬರೆಯುತ್ತಿದ್ದರು. ಅದರೊಳಗೆ ಕಲ್ಲಿರುವಲ್ಲಿ ಒಂದು ಗುರುತು, ಕೆಸರಿರುವಲ್ಲಿ ಒಂದು, ಮರುವಾಯಿ ಚಿಪ್ಪು ಸಿಗುವ ಜಾಗಕ್ಕೆ ಇನ್ನೊಂದು. ಅಳತೆ ತಪ್ಪಿದೆ ಎಂದು ನಾನು ಅವರಿಗೆ ಅಂಕ ಕಡಿಮೆ ಕೊಡುತ್ತಿದ್ದೆ. ಆ ಮಕ್ಕಳಲ್ಲಿ ಕೆಲವರಿಗೆ ಈಗ ಮೊಮ್ಮಕ್ಕಳಿದ್ದಾರೆ. ಕೆಂಪು ಶಾಯಿಯ ಆ ಗೆರೆಗಳನ್ನು ಈಗ ಅಳಿಸುವ ಹಾಗಿಲ್ಲ.

ಇನ್ನು ಇತಿಹಾಸ. ಬಸ್ರೂರಿಗೆ ಹಡಗುಗಳು ಬರುತ್ತಿದ್ದ ಕಾಲದಲ್ಲಿ ನಮ್ಮೂರು ಏನು ಮಾಡುತ್ತಿತ್ತು? ದಂಡೆಯಲ್ಲಿ ನಿಂತು ನೋಡುತ್ತಿತ್ತು. ಅಷ್ಟೇ ನಮ್ಮ ಪ್ರಾಚೀನ ಇತಿಹಾಸ. ಆಮೇಲೆ ಹಂಚಿನ ಕಾರ್ಖಾನೆಗಳ ಕಾಲ ಬಂತು. ನಮ್ಮ ಬೈಲಿನ ಜೇಡಿಮಣ್ಣು ಒಳ್ಳೆಯದಂತೆ. ದೋಣಿ ದೋಣಿ ಮಣ್ಣು ಹೊಳೆಯಲ್ಲಿ ಇಳಿದುಹೋಗಿ ಯಾರ್ಯಾರದೋ ಮನೆಯ ಮಾಡಿನ ಹಂಚಾಯಿತು. ನಮಗೆ ಹೊಂಡಗಳು ಉಳಿದವು. ಆಮೇಲೆ ಹೊಯ್ಗೆ, ಅಂದರೆ ಮರಳು, ತೆಗೆಯುವವರ ಕಾಲ. ಹೊಳೆಯ ತಳದಿಂದ ಹೊಯ್ಗೆ ಎತ್ತಿ ಎತ್ತಿ, ಮಕ್ಕಳು ನಡೆದು ದಾಟುತ್ತಿದ್ದ ಜಾಗದಲ್ಲಿ ಈಗ ಆನೆ ಮುಳುಗುತ್ತದೆ. ಬಂದವರೆಲ್ಲ ಏನಾದರೂ ತೆಗೆದುಕೊಂಡೇ ಹೋದರು. ನಮಗೆ ತಪ್ಪದೆ ತಂದುಕೊಟ್ಟದ್ದು ಹೊಳೆಯೊಂದೇ. ದಿನಕ್ಕೆ ಎರಡು ಸಲ, ಉಪ್ಪು.

ಇದು ಘಟ್ಟದಿಂದ ಬರುವ ಸಿಹಿನೀರಿನ ಹೊಳೆಯೇ. ಆದರೆ ಸಮುದ್ರ ಹತ್ತಿರ. ಉಬ್ಬರ ಬಂದಾಗ, ನಮ್ಮವರು ಅದನ್ನು ಭರತ ಎನ್ನುತ್ತಾರೆ, ಸಮುದ್ರದ ನೀರು ಹೊಳೆಯೊಳಗೆ ಏರಿ ಬರುತ್ತದೆ. ಇಳಿತಕ್ಕೆ ಹಿಂದೆ ಹೋಗುತ್ತದೆ. ಮಳೆಗಾಲದಲ್ಲಿ ಹೊಳೆಗೆ ಸೊಕ್ಕಿರುತ್ತದೆ, ಉಪ್ಪನ್ನು ಹತ್ತಿರ ಸೇರಿಸುವುದಿಲ್ಲ. ದೀಪಾವಳಿ ಕಳೆದು ಮೇಲಿನ ನೀರು ಇಳಿಯುತ್ತ ಬಂದ ಹಾಗೆ ಉಪ್ಪು ದಿನಕ್ಕೊಂದಿಷ್ಟು ಮುಂದೆ ಬರುತ್ತದೆ. ಅದು ಊರೊಳಗೆ ಬರುವ ಮೊದಲು ಹೊಳೆಗೆ ಅಡ್ಡ ಕಟ್ಟ ಹಾಕಬೇಕು. ಬೇಗ ಹಾಕಿದರೆ ಸಿಹಿನೀರು ಹಿಂದಕ್ಕೆ ಏರಿ ಕೆಳಗಿನ ಬೈಲಿನಲ್ಲಿ ಕೊಯ್ಲಾಗದ ಭತ್ತ ಮುಳುಗುತ್ತದೆ. ತಡವಾದರೆ ಉಪ್ಪು ಒಳಗೇ ಉಳಿದು ಉದ್ದು, ನೆಲಗಡಲೆ, ಬಾವಿ ಮೂರೂ ಹಾಳು. ಸರಿಯಾದ ದಿನ ಎಂದರೆ ಮೂರೋ ನಾಲ್ಕೋ ದಿನಗಳ ಸಂದು. ಆ ಸಂದನ್ನು ಹಿಡಿಯುವುದೇ ನಮ್ಮೂರಿನ ಅತಿ ದೊಡ್ಡ ವಿದ್ಯೆ.

ಆ ವಿದ್ಯೆ ಇದ್ದದ್ದು ನನ್ನ ಅಮ್ಮಮ್ಮನ ನಾಲಿಗೆಯಲ್ಲಿ.

ಅದಕ್ಕೊಂದು ಕ್ರಮವಿತ್ತು. ಬೆಳಿಗ್ಗೆ ಎದ್ದವಳು ಏನನ್ನೂ ತಿನ್ನದೆ, ಬಾವಿಯ ನೀರಿನಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿ, ಇಳಿತ ಮುಗಿಯುವ ಹೊತ್ತಿಗೆ ಹೊಳೆಯ ಮೆಟ್ಟಿಲಿಗೆ ಹೋಗಬೇಕು. ಮೂರನೆಯ ಮೆಟ್ಟಿಲಲ್ಲಿ ನಿಂತು ಒಂದು ಬೊಗಸೆ ನೀರು ಬಾಯಿಗೆ ಹಾಕಿ, ಹತ್ತು ಎಣಿಸುವಷ್ಟು ಹೊತ್ತು ಇಟ್ಟುಕೊಂಡು ಉಗುಳಬೇಕು. ದೀಪಾವಳಿಯ ನಂತರದ ಎರಡು ತಿಂಗಳು ಎಲೆ ಅಡಿಕೆ ಮುಟ್ಟುವಂತಿಲ್ಲ. ವರ್ಷದ ಉಳಿದ ಹತ್ತು ತಿಂಗಳು ಬಾಯಿ ಕೆಂಪಾಗಿಯೇ ಇರುತ್ತಿದ್ದ ಅಮ್ಮಮ್ಮ ಈ ಎರಡು ತಿಂಗಳು ಕಂಡವರ ಮೇಲೆಲ್ಲ ಹಾರಿಬೀಳುತ್ತಿದ್ದಳು. ಹಟ್ಟಿಯ ದನಗಳೂ ಅವಳ ದಾರಿಗೆ ಅಡ್ಡ ಬರುತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ಅವಳು ಮೆಟ್ಟಿಲು ಹತ್ತಿ ಬಂದು ಸೆರಗಿನಿಂದ ಬಾಯಿ ಒರೆಸಿಕೊಂಡು "ಹತ್ತಿತ್" ಎನ್ನುತ್ತಿದ್ದಳು. ಉಪ್ಪು ಹತ್ತಿತು ಎಂದು. ಅಷ್ಟೇ ಮಾತು. ಮಧ್ಯಾಹ್ನದೊಳಗೆ ಮನೆಗೊಬ್ಬರಂತೆ ಆಳುಗಳು ಹೊಳೆಗೆ ಇಳಿಯುತ್ತಿದ್ದರು. ತೆಂಗಿನ ದಿಮ್ಮಿ, ಬಿದಿರು, ಮಡಲು, ಮೀನಿನವರು ದೋಣಿಯಲ್ಲಿ ತರುವ ಕೆಸರುಮಣ್ಣು. ಮೂರು ದಿನಕ್ಕೆ ಕಟ್ಟ ಎದ್ದು ನಿಲ್ಲುತ್ತಿತ್ತು.

ಒಂದು ವರ್ಷ ಅಮ್ಮಮ್ಮನಿಗೆ ವಿಪರೀತ ಜ್ವರ. ಎದ್ದು ಕೂರಲಾರಳು. ಆಗ ಏನು ಮಾಡಿದರು ಗೊತ್ತೇ? ಹೊಳೆಯ ನೀರನ್ನು ಹಿತ್ತಾಳೆಯ ಚೊಂಬಿನಲ್ಲಿ ತುಂಬಿಸಿ ಅವಳ ಹಾಸಿಗೆಯ ಬಳಿ ತಂದರು. ಜ್ವರದ ಬಾಯಿಗೆ ಏನು ತಿಳಿಯುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಊರಿನಲ್ಲಿ ಅಷ್ಟು ನಾಲಿಗೆಗಳಿದ್ದವಲ್ಲ, ಬೇರೆ ಯಾರಾದರೂ ಒಂದು ಗುಟುಕು ಬಾಯಿಗೆ ಹಾಕಿ ನೋಡಬಹುದು ಎಂಬುದು ಯಾರ ತಲೆಗೂ ಬರಲಿಲ್ಲ. ಇದನ್ನು ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ನಾನೂ ಶಾಲೆಯಲ್ಲಿ ಮಕ್ಕಳ ಮುಂದೆ ಎಷ್ಟೋ ಸಲ ಹೇಳಿದ್ದೇನೆ. ಈಗ ಹೇಳುವುದಿಲ್ಲ.

ಅಮ್ಮಮ್ಮನ ನಂತರ ಅಮ್ಮ, ಅಮ್ಮನ ನಂತರ ನಾನು. ಈ ನಡುವೆ ಮಣ್ಣಿನ ಕಟ್ಟ ಹೋಗಿ ಸಿಮೆಂಟಿನ ಕಿಂಡಿ ಅಣೆಕಟ್ಟು ಬಂತು. ಕಂಬಗಳ ನಡುವಿನ ಕಿಂಡಿಗಳಿಗೆ ಹಲಗೆ ಇಳಿಸಿದರೆ ಆಯಿತು, ಅರ್ಧ ದಿನದ ಕೆಲಸ. ಆದರೆ ಹಲಗೆ ಯಾವ ದಿನ ಇಳಿಸಬೇಕು ಎನ್ನುವುದಕ್ಕೆ ಮಾತ್ರ ಹಳೆಯ ಯಂತ್ರವೇ, ನಮ್ಮ ಮನೆಯ ನಾಲಿಗೆ. ಅಣೆಕಟ್ಟಿನ ಸಮಿತಿಯ ಅಧ್ಯಕ್ಷರು ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ದಿನಾ ಬೆಳಿಗ್ಗೆ ಅವರ ಫೋನು ಬರುತ್ತಿತ್ತು.

"ಹ್ವಾಯ್ ಟೀಚರೆ, ಹ್ಯಾಂಗಿತ್ತ್ ಇವತ್ತ್?"

"ಸೀ ಇತ್ತ್."

"ಹಾಂಗಾರೆ ಟೆನ್ಶನ್ ಇಲ್ಲೆ. ನೀವ್ ಹೇಳಿರ್ ಮೇಲೆ ಮುಗೀತ್."

ಸೀ ಎಂದರೆ ಸಿಹಿ, ಉಪ್ಪು ಇನ್ನೂ ಬಂದಿಲ್ಲ ಎಂದು. ನೀವು ಹೇಳಿದ ಮೇಲೆ ಮುಗಿಯಿತು. ಈ ಮಾತನ್ನು ಕೇಳುವುದಕ್ಕೆಂದೇ ನಾನು ಬೆಳಗಾಗುವುದನ್ನು ಕಾಯುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಕೆಲಸದಿಂದ ನಿವೃತ್ತಿಯಾದ ಮೇಲೆ ನನ್ನ ಮಾತು ಕೇಳಿ ಯಾರಾದರೂ ಎದ್ದು ನಿಲ್ಲುತ್ತಿದ್ದದ್ದು ಅದೊಂದೇ ಹೊತ್ತಿನಲ್ಲಿ.

ಇಲ್ಲಿ ಅವಳ ವಿಷಯ ಹೇಳಬೇಕು. ಕೆಳಗಿನ ದಂಡೆಯ ಮೊದಲ ಮನೆಯವಳು. ನನ್ನದೇ ವಯಸ್ಸು. ನಾಲ್ಕನೆಯ ತರಗತಿಯವರೆಗೆ ನಾವಿಬ್ಬರೂ ಒಂದೇ ಚಾಪೆಯಲ್ಲಿ ಕೂತು ಕಲಿತವರು. ಆಮೇಲೆ ನಾನು ಪೇಟೆಯ ಹೈಸ್ಕೂಲಿಗೆ ಹೋದೆ, ಅವಳು ಅಮ್ಮನ ಜೊತೆ ಮೀನಿನ ಬುಟ್ಟಿ ಹೊತ್ತಳು. ಬುಟ್ಟಿ ಹೊರುವ ಶಕ್ತಿ ಕಡಿಮೆಯಾದ ಮೇಲೆ ಅಣೆಕಟ್ಟಿನ ಕೆಳಗೆ ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುತ್ತಾಳೆ. ಅವರ ದಂಡೆಯಲ್ಲಿ ಎಲ್ಲಿ ತೋಡಿದರೂ ಸವಳು ನೀರು. ಹಾಗಾಗಿ ಅವಳ ಮನೆಗೆ ಕುಡಿಯುವ ನೀರು ತಲೆತಲಾಂತರದಿಂದ ನಮ್ಮ ಬಾವಿಯದ್ದೇ.

ಅದಕ್ಕೂ ಒಂದು ಇತಿಹಾಸವಿದೆ, ಗೋಡೆಯ ಮೇಲೆ ಬರೆಯಲಾಗದ್ದು. ಅವಳ ಅಜ್ಜಿ ಅಂಗಳದ ಹೊರಗೆ ಕೊಡ ಇಟ್ಟು "ಒಡ್ತೇರೆ" ಎಂದು ಕರೆದು ಕಾಯುತ್ತಿದ್ದಳು. ನಮ್ಮವರು ಸೇದಿ, ಕೊಡ ಮುಟ್ಟದೆ ಮೇಲಿನಿಂದ ಹೊಯ್ಯುತ್ತಿದ್ದರು. ಅದು ನಿಂತದ್ದು ಯಾರ ಭಾಷಣದಿಂದಲೂ ಅಲ್ಲ. ನನ್ನ ಅಮ್ಮನಿಗೆ ಸೊಂಟನೋವು ಬಂತು. "ನೀನೇ ಸೇದ್ಕೊ ಮಾರಾಯ್ತಿ, ನನ್ನತ್ರ ಆತಿಲ್ಲೆ" ಎಂದು ಒಂದು ದಿನ ಹಗ್ಗವನ್ನು ಅವಳ ಅಮ್ಮನ ಕೈಗೆ ಕೊಟ್ಟಳು. ಹಾಗೆ ನಮ್ಮೂರಿನಲ್ಲಿ ಸಮಾನತೆ ಬಂತು. ಅಥವಾ ಬಂತು ಎಂದು ನಾನು ನಂಬಿಕೊಂಡಿದ್ದೆ. ಅವಳು ಈಗಲೂ ನನಗೆ ಟೀಚರೆ, ನೀವು ಎನ್ನುತ್ತಾಳೆ. ನಾನು ಹೆಣೆ, ನೀನು ಎನ್ನುತ್ತೇನೆ. ಒಂದೇ ಚಾಪೆಯವರು.

ಹೋದ ವರ್ಷ ದೀಪಾವಳಿಯ ಹೊತ್ತಿಗೆ ನಮ್ಮ ಮನೆಯಲ್ಲಿ ಸಣ್ಣದೊಂದು ಜಗಳ ಶುರುವಾಯಿತು. ಮಧ್ಯಾಹ್ನದ ಸಾರು ಮಾಡುವುದು ನಾನು. ತಮ್ಮ ಊಟಕ್ಕೆ ಕೂತವನು ಒಂದು ತುತ್ತು ಬಾಯಿಗಿಟ್ಟು ತಲೆ ಎತ್ತಿದ.

"ಅಕ್ಕಾ, ಸಾರಿಗೆ ಎರಡ್ ಸಲ ಉಪ್ಪ್ ಹಾಕಿದ್ಯಾ?"

"ಒಂದೇ ಸಲ ಹಾಕದ್ದ್. ನಿನ್ನ ನಾಲಿಗಿ ಪೇಟಿ ಹೋಟ್ಲಿಗೆ ಹೋಯಿ ಹಾಳಾಯ್ತ್."

ಮರುದಿನ ತಮ್ಮನ ಹೆಂಡತಿ ಸಾರಿಗೆ ಬಿಸಿನೀರು ಬೆರೆಸಿಕೊಂಡಳು. ಅದನ್ನು ಕಂಡು ನನಗೆ ಸಿಟ್ಟು ನೆತ್ತಿಗೇರಿತು. ಮೂರನೆಯ ದಿನ ಉಪ್ಪಿನ ಪ್ಯಾಕೆಟ್ಟನ್ನೇ ಬೈದೆ, ಈಗಿನ ಉಪ್ಪಿಗೆ ಏನೋ ಬೆರೆಸುತ್ತಾರೆ ಎಂದೆ. ನಾಲ್ಕನೆಯ ದಿನ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಉಪ್ಪಿನ ಹರಳೊಂದನ್ನು ನಾಲಿಗೆಯ ಮೇಲಿಟ್ಟುಕೊಂಡೆ. ಚುರ್ರೆಂದು ಹತ್ತಬೇಕಾದ್ದು ಕಲ್ಲಿನ ಹಾಗೆ ಸುಮ್ಮನೆ ಕೂತಿತು. ಸ್ವಲ್ಪ ಹೊತ್ತಿನ ಮೇಲೆ ದೂರದಿಂದ ಯಾರೋ ಕರೆದಂತೆ ಒಂದು ರುಚಿ ಬಂತು.

ನನಗೆ ಆಗಲೇ ತಿಳಿಯಿತು. ಇದನ್ನು ಸ್ಪಷ್ಟವಾಗಿ ಬರೆಯಬೇಕು. ತಿಳಿಯದೆ ಮಾಡಿದ ತಪ್ಪಲ್ಲ ಇದು. ಬಿ.ಪಿ. ಮಾತ್ರೆ ಶುರುವಾದ ಮೇಲೆ ಹೀಗಾಗಿದೆಯೋ, ವಯಸ್ಸಿಗೆ ಆಗಿದೆಯೋ, ಯೋಚಿಸಿದೆ. ಫೋನೆತ್ತಿ ಅಧ್ಯಕ್ಷರಿಗೆ ಹೇಳಬಹುದಿತ್ತು: ಈ ವರ್ಷ ನನ್ನಿಂದ ಆಗುವುದಿಲ್ಲ, ನಾಲಿಗೆ ಹೋಗಿದೆ ಎಂದು. ನಾಳೆ ಹೇಳುತ್ತೇನೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಫೋನು ಬಂತು, "ಹ್ಯಾಂಗಿತ್ತ್ ಟೀಚರೆ?" ಬಾಯಿಯಿಂದ "ಸೀ ಇತ್ತ್" ಎಂದು ಬಂದುಬಿಟ್ಟಿತು. ಸಿಹಿಯೇ ಇರಬೇಕು, ಇನ್ನೂ ದಿನವಿದೆ ಎಂದು ಸಮಾಧಾನ ಮಾಡಿಕೊಂಡೆ. ಅದರ ಹಿಂದಿನ ವರ್ಷ ಯಾವ ದಿನ ಹತ್ತಿತ್ತು ಎಂದು ಕ್ಯಾಲೆಂಡರಿನಲ್ಲಿ ನೋಡಿ, ಅದಕ್ಕೆ ನಾಲ್ಕು ದಿನ ಮೊದಲೇ ಹೇಳಿಬಿಟ್ಟರಾಯಿತು ಎಂದು ಉಪಾಯ ಮಾಡಿದೆ. ಟೀಚರಲ್ಲವೇ, ಹಳೆಯ ಪ್ರಶ್ನೆಪತ್ರಿಕೆ ನೋಡಿ ಉತ್ತರ ಬರೆಯುವ ಬುದ್ಧಿ.

ಆದರೆ ಆ ಹಿಂದಿನ ವರ್ಷದ ಹೊಳೆಗೂ ಈ ಸಲದ ಹೊಳೆಗೂ ವ್ಯತ್ಯಾಸವಿತ್ತು. ಮಳೆ ಬೇಗ ಬಿಟ್ಟಿತ್ತು. ಹೊಯ್ಗೆ ತೆಗೆದು ತಳ ಇನ್ನೂ ಆಳವಾಗಿತ್ತು. ಉಪ್ಪು ಕ್ಯಾಲೆಂಡರು ನೋಡಿಕೊಂಡು ಬರಲಿಲ್ಲ.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ತಮ್ಮ ಗದ್ದೆಯಿಂದ ಓಡುತ್ತಾ ಬಂದ. ಅವನು ಓಡಿದ್ದನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಕೈಯಲ್ಲಿ ಕಿತ್ತುಕೊಂಡು ಬಂದ ಒಂದು ಹಿಡಿ ಉದ್ದಿನ ಸಸಿ. ಎಲೆಗಳ ತುದಿ ಕಾದ ಕಬ್ಬಿಣ ತಾಗಿಸಿದಂತೆ ಕರಟಿತ್ತು.

"ಅಕ್ಕಾ, ತೋಡಿನ ನೀರ್ ಬಾಯಿಗ್ ಹಾಕುಕಾತಿಲ್ಲೆ! ನಿನ್ನೆ ಸೀ ಅಂದೆ ಅಲ್ದಾ?"

ಅವನೇ ಅಧ್ಯಕ್ಷರಿಗೆ ಫೋನು ಮಾಡಿದ. ಒಂದು ಗಂಟೆಯೊಳಗೆ ಜನ ಸೇರಿದರು. ಆಗ ನಡೆದದ್ದು ಎರಡನೆಯ ತಪ್ಪು. ಎಲ್ಲರಿಗೂ ಗಾಬರಿ, ಉಪ್ಪು ಬಂತು, ಹಲಗೆ ಇಳಿಸಿ, ಇಳಿಸಿ ಎಂದು ಒಂದೇ ಕೂಗು. ಭರತ ಏರುತ್ತಿದ್ದ ಹೊತ್ತು ಅದು. ಇಳಿತಕ್ಕೆ ಕಾದು, ಉಪ್ಪು ಹಿಂದೆ ಹೋದ ಮೇಲೆ ಬಾಗಿಲು ಹಾಕಬೇಕು ಎಂಬುದು ಅಮ್ಮಮ್ಮ ಹೇಳಿಕೊಟ್ಟ ಎರಡನೆಯ ಪಾಠ. ನನಗೆ ಗೊತ್ತಿತ್ತು. ದಂಡೆಯಲ್ಲಿ ನಿಂತಿದ್ದೆ, ಕೂಗಿ ಹೇಳಬಹುದಿತ್ತು. ಆದರೆ ಅಷ್ಟು ದಿನ ಸುಳ್ಳು ಹೇಳಿದ ಬಾಯಿಗೆ ಆ ಹೊತ್ತಿನಲ್ಲಿ ತೆರೆಯುವ ಧೈರ್ಯ ಬರಲಿಲ್ಲ. ಹಲಗೆಗಳು ಒಂದೊಂದಾಗಿ ಇಳಿದವು. ಎರಡು ಸಾಲು ಹಲಗೆ, ನಡುವೆ ಮಣ್ಣು, ಗಟ್ಟಿ ಕೆಲಸ. ಸಮುದ್ರದ ನೀರನ್ನು ಊರೊಳಗೆ ಕರೆದು ಕೂರಿಸಿ ಬಾಗಿಲಿಗೆ ಅಗುಳಿ ಹಾಕಿದಂತಾಯಿತು. ಸಂಜೆ ಹೊತ್ತಿಗೆ ಯಾರಿಗೋ ಹೊಳೆದು ಎರಡು ಕಿಂಡಿ ತೆಗೆದು ನೋಡಿದರು. ಒಂದಿಷ್ಟು ಹೋಯಿತು. ಮೇಲಿನಿಂದ ತೊಳೆದು ಕಳಿಸುವಷ್ಟು ನೀರು ಹೊಳೆಯಲ್ಲಿ ಇರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನಮಗೆ ಬುದ್ಧಿಯೂ ಅರ್ಧವೇ ಬಂತು.

ಉದ್ದು ಹೋಯಿತು. ನೆಲಗಡಲೆ ಹಳದಿಯಾಗಿ ಕೂತಿತು. ಇಪ್ಪತ್ತು ದಿನಕ್ಕೆ ನಮ್ಮ ಬಾವಿಯ ನೀರಿನಲ್ಲಿ ಬೇಳೆ ಬೇಯದಾಯಿತು. ಚಹಾ ಒಡೆಯತೊಡಗಿತು. ತಮ್ಮ ಒಂದು ಲೋಟ ನೀರು ಕುಡಿದು ಮುಖ ಹಿಂಡಿ, ಲೋಟ ಕೆಳಗಿಟ್ಟ. ನಾನು ಕುಡಿದು ನೋಡಿದೆ. ನನಗೆ ಅಮ್ಮಮ್ಮನ ಕಾಲದ ನೀರೇ ಅದು.

ನನ್ನನ್ನು ಒಬ್ಬರಾದರೂ ಬೈಯಲಿ ಎಂದು ಕಾದೆ. ಯಾರೂ ಬೈಯಲಿಲ್ಲ. "ಹೊಯ್ಗೆ ತೆಗ್ದ್ ತೆಗ್ದ್ ಹೀಂಗಾದ್ದ್ ಮರ್ರೆ, ಟೀಚರ್ ಎಂತ ಮಾಡ್ತ್ರ್?" ಎಂದರು ಅಧ್ಯಕ್ಷರು. ಒಂದೇ ಅಮಾವಾಸ್ಯೆಗೆ ಅಷ್ಟು ಉಪ್ಪು ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು ಎಂದರು ಇನ್ನೊಬ್ಬರು. ಅದೂ ನಿಜವೇ ಇರಬಹುದು. ಸರಿಯಾದ ದಿನವೇ ಹಲಗೆ ಇಳಿಸಿದ್ದರೂ ಉಪ್ಪು ಅಡಿಯಿಂದ ಬರುತ್ತಿತ್ತೋ ಏನೋ. ಅದನ್ನು ಹೇಳುವವರು ಯಾರೂ ಇಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ಗಾದೆ. ಇಲ್ಲಿ ತಿಂದವಳು ನಾನೊಬ್ಬಳು, ಕುಡಿದದ್ದು ಊರು.

ಕುಂದಾಪುರಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ನಾಲಿಗೆ ಹೊರಗೆ ಹಾಕಿಸಿ ನೋಡಿ, ಪ್ರಾಯಕ್ಕೆ ಹೀಗಾಗುವುದುಂಟು, ಮಾತ್ರೆಯಿಂದಲೂ ಆಗುತ್ತದೆ, ದೊಡ್ಡ ತೊಂದರೆಯೇನಲ್ಲ ಎಂದರು. ದೊಡ್ಡ ತೊಂದರೆಯಲ್ಲವಂತೆ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತು ಅತ್ತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು "ಯಾರಿಗ್ ಹುಷಾರಿಲ್ಲೆ?" ಎಂದು ಕೇಳಿದಳು. ಬಾವಿಗೆ ಎಂದು ಹೇಳಿದ್ದರೆ ಅವಳು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದಳು.

ಬೇಸಿಗೆಯಲ್ಲಿ ರಸ್ತೆಯ ತಿರುವಿಗೆ ಎರಡು ದಿನಕ್ಕೊಮ್ಮೆ ನೀರಿನ ಟ್ಯಾಂಕರು ಬರತೊಡಗಿತು. ಕೆಳಗಿನ ದಂಡೆಯವಳು ಕೊಡಗಳನ್ನು ತಂದು, ಟ್ಯಾಂಕರು ಬರುವವರೆಗೆ ನಮ್ಮ ಬಾವಿಕಟ್ಟೆಯ ಮೇಲೆ ಬಂದು ಕೂರುತ್ತಿದ್ದಳು. ಅಭ್ಯಾಸ. ಮೇ ತಿಂಗಳ ಒಂದು ದಿನ ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ. ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ.

"ಹೆಣೆ, ನನ್ನ ನಾಲಿಗಿ ಸತ್ತ್ ಹೋಯಿತ್ತ್. ದೀಪಾವಳಿಯಿಂದ್ಲೇ ನಂಗ್ ಗೊತ್ತಿತ್ತ್. ಗೊತ್ತಿದ್ದೇ ಸೀ ಅಂದೆ."

ಅವಳು ಸೆರಗಿನ ತುದಿಯಿಂದ ಕುತ್ತಿಗೆ ಒರೆಸಿಕೊಂಡಳು. "ನಂಗೂ ಗೊತ್ತಿತ್ತ್ ಟೀಚರೆ."

"ಎಂತ ಗೊತ್ತಿತ್ತ್?"

"ಉಪ್ಪ್ ಬಂದದ್ದ್. ಅಮಾಸಿಗೆ ಎಂಟ್ ದಿನ ಮುಂಚೆ. ಮರುವಾಯಿ ಹೆಕ್ಕುಕೆ ಇಳ್ದ್ರೆ ಕಾಲಿನ ಗಾಯ ಉರೀತಿತ್ತ್. ಸೀ ನೀರಗೆ ಗಾಯ ಉರುದಿಲ್ಲೆ ಅಲ್ದಾ?"

ಚಿಪ್ಪು ಕೊಯ್ದು ಅವಳ ಪಾದಗಳಲ್ಲಿ ಯಾವಾಗಲೂ ಗಾಯವಿರುತ್ತದೆ. ಅದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹೊಳೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ನಿಲ್ಲುವವಳು ಅವಳು. ನಾನು ಮೂರನೆಯ ಮೆಟ್ಟಿಲಲ್ಲಿ ನಿಂತು ಸೀರೆ ನೆನೆಯದಂತೆ ಬಗ್ಗುವವಳು. ನನಗೆ ಕೋಪ ಬಂತು, ಯಾರ ಮೇಲೆಂದು ತಿಳಿಯದೆ ಅವಳ ಮೇಲೆಯೇ ಹರಿಹಾಯ್ದೆ.

"ಹಾಂಗಾರೆ ಹೇಳುಕೆ ನಿಂಗ್ ಎಂತ ಆಯಿತ್ತ್? ಬಾಯಿ ಇರ್ಲಿಲ್ಯಾ? ಒಂದ್ ಮಾತ್ ಹೇಳಿರೆ ಬಾವಿ ಉಳೀತಿತ್ತಲ್ಲ! ನೀನ್ ಕುಡುದೂ ಇದೇ ಬಾವಿ ನೀರ್ ಅಲ್ದಾ?"

ಅವಳು ನನ್ನನ್ನು ಆಶ್ಚರ್ಯದಿಂದ ನೋಡಿದಳು. ಕೊಂಕು ಮಾತಾಡುವ ಜಾಯಮಾನ ಅವಳದ್ದಲ್ಲ. ಕೊಂಕಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ತಿಳಿಯದ ಮಗುವಿಗೆ ಹೇಳಿಕೊಡುವವಳಂತೆ ಹೇಳಿದಳು:

"ನಿಮ್ಮನಿಯರ್ ಸೀ ಅಂದ್ ಮೇಲೆ ನಾನ್ ಉಪ್ಪ್ ಅಂಬುದ್ ಹ್ಯಾಂಗೆ ಟೀಚರೆ? ನಾಲಿಗಿ ನಿಮ್ಮನಿದ್ ಅಲ್ದಾ. ಹೇಳ್ರೂ ಯಾರ್ ಕೇಣ್ತಿದ್ರ್?"

ಅಷ್ಟರಲ್ಲಿ ಟ್ಯಾಂಕರಿನ ಹಾರ್ನು ಕೇಳಿತು. ಅವಳು ಎರಡು ಕೊಡಗಳನ್ನೂ ಎತ್ತಿಕೊಂಡು ನಡೆದಳು. ಹಾಗಾದರೆ ಅವಳ ಅಜ್ಜಿಗೆ ಗೊತ್ತಾಗುತ್ತಿತ್ತು, ಅವಳ ಅಮ್ಮನಿಗೂ ಗೊತ್ತಾಗುತ್ತಿತ್ತು. ಅಮ್ಮಮ್ಮ ಜ್ವರದಲ್ಲಿ ಮಲಗಿದ್ದಾಗ ಚೊಂಬು ಹಿಡಿದುಕೊಂಡು ಹೊಳೆಗೆ ಓಡಿದವರು ದಾರಿಯಲ್ಲಿ ಎಷ್ಟು ನಾಲಿಗೆಗಳನ್ನು, ಎಷ್ಟು ಗಾಯದ ಕಾಲುಗಳನ್ನು ದಾಟಿಕೊಂಡು ಹೋದರೋ. ನಾವು ಹೇಳುವವರೆಗೆ ಅವರು ಮಣ್ಣಿನ ದೋಣಿ ಕಟ್ಟಿಕೊಂಡು ಸುಮ್ಮನೆ ಕಾಯುತ್ತಿದ್ದರು. ಮೂವತ್ತು ವರ್ಷ ಊರಿನ ಭೂಗೋಳ ಕಲಿಸಿದವಳಿಗೆ ಇದು ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ನಾನೇ ನಂಬುವುದಿಲ್ಲ.

ಆ ದಿನವೇ ನಿಶ್ಚಯ ಮಾಡಿಕೊಂಡೆ: ಮುಂದಿನ ವರ್ಷದಿಂದ ಹೇಳುವವಳು ಅವಳು. ಅಧ್ಯಕ್ಷರಿಗೆ ಫೋನು ಮಾಡಿ ಹೇಳಿಯೂ ಬಿಟ್ಟೆ. ಅವರು ನಕ್ಕರು. "ಎಂತ ಟೀಚರೆ, ತಮಾಷಿ ಮಾಡ್ತ್ರಿಯಾ? ನಿಮ್ಮನಿಯರ್ ಹೇಳುದ್ ಬೇರೆ, ಅವ್ಳ್ ಹೇಳುದ್ ಬೇರೆ." ನಾನು ವಾದ ಮಾಡಿದೆ. "ಕಾಂಬ, ಕಾಂಬ," ನೋಡೋಣ ಎಂದು ಫೋನಿಟ್ಟರು. ಅವಳಿಗೆ ಹೇಳಿದರೆ ಅವಳೂ ನಕ್ಕಳು.

ಈಗ ಮಳೆ ಬಂದಿದೆ, ಟ್ಯಾಂಕರು ಇನ್ನೂ ನಿಂತಿಲ್ಲ. ಒಳ್ಳೆಯ ಮಳೆ ಬಿದ್ದರೆ ಬಾವಿ ಮತ್ತೆ ಸಿಹಿಯಾಗುತ್ತದೆ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಎಂಟು ದಿನ ಬಿಡದೆ ಸುರಿಯಿತು. ಬಾವಿಯ ನೀರು ಮೂರು ಕಲ್ಲಿನ ಸಾಲು ಮೇಲೆ ಬಂತು. ಒಂಬತ್ತನೆಯ ದಿನ ಬೆಳಿಗ್ಗೆ ಮಳೆ ಬಿಡುವು ಕೊಟ್ಟಾಗ ಅವಳು ಕೊಡ ಹಿಡಿದು ಅಂಗಳಕ್ಕೆ ಬಂದಳು. ತಮ್ಮ ಮತ್ತು ಅವನ ಹೆಂಡತಿ ಗದ್ದೆಯಲ್ಲಿದ್ದರು. ಅವಳು ಸೇದಿ ಕೊಡ ತುಂಬಿಸಿದಳು. ಹಗ್ಗದ ನೀರು ಕೊಡವಿ, ಕೊಡದಿಂದ ಒಂದು ಬೊಗಸೆ ತೆಗೆದು ಬಾಯಿಗೆ ಹಾಕಿದಳು. ನಾನೂ ಬಗ್ಗಿ ಬೊಗಸೆ ನೀರು ತೆಗೆದುಕೊಂಡೆ. ತಣ್ಣಗಿತ್ತು, ಸಿಹಿಯಾಗಿತ್ತು. ಎಷ್ಟು ಸಿಹಿ ಎಂದರೆ ಇನ್ನೊಂದು ಬೊಗಸೆ ಕುಡಿದೆ.

ಕೇಳಬೇಕೆಂದೇ ಹೊರಟಿದ್ದೆ. ಹ್ಯಾಂಗಿತ್ತ್, ನೀನ್ ಹೇಳ್ ಎಂದು. ಹಿಂದಿನ ದಿನವೇ ಮನಸ್ಸಿನಲ್ಲಿ ಹೇಳಿಕೊಂಡು ತಯಾರು ಮಾಡಿಟ್ಟ ಮಾತು ಅದು. ಆದರೆ ಬಾಯಿ ತೆರೆದಾಗ ಬಂದದ್ದು ಬೇರೆ.

"ಸೀ ಆಯ್ತ್ ಅಲ್ದಾ ಹೆಣೆ?"

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು.

"ಹೌದ್ ಟೀಚರೆ," ಎಂದಳು. "ಸೀ ಆಯ್ತ್."

ನನಗೆ ಜೀವ ಬಂದಂತಾಯಿತು. ತಮ್ಮನಿಗೆ ಹೇಳಬೇಕು, ಇವತ್ತು ಇದೇ ನೀರಿನಲ್ಲಿ ಅಡುಗೆ ಎಂದು ಮನೆಯ ಕಡೆ ತಿರುಗಿ ನಾಲ್ಕು ಹೆಜ್ಜೆ ಹಾಕಿದೆ. ಹಿಂದೆ ತೆಂಗಿನ ಬುಡದಲ್ಲಿ, ಯಾರಿಗೂ ಕೇಳದ ಹಾಗೆ ಮೆಲ್ಲಗೆ, ಕೊಡದ ನೀರನ್ನು ಹೊಯ್ದ ಸದ್ದು ಕೇಳಿತು. ನಾನು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಟ್ಯಾಂಕರು ನಿಲ್ಲುವ ತಿರುವಿನ ಕಡೆಗೆ ನಡೆದು ಹೋದಳು.